ಗಿಟಾರಿಗೆ ಎಕ್ಸಿಲೇಟರ್

ನಗುವ ಪ್ರಸಂಗಗಳನ್ನು ಹುಡುಕಿಕೊಂಡು ನಾನೆಂದೂ ಹೋದವನಲ್ಲ. ಅವೇ ಕೆಟ್ಟ ಟೇಪ್‌ರೆಕಾರ್ಡರನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಅಂಗಡಿಗೆ ಬರುತ್ತವೆ. ಕೊಟ್ಟೂರು ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ರೇಡಿಯೊ ರಿಪೇರಿ ಅಂಗಡಿ. ಬಂದದ್ದಕ್ಕೆ ಒಂದು ಸ್ಟೂಲು ಹಾಕಿ ಕೂಡಿಸುವುದಷ್ಟೇ ನನ್ನ ಕೆಲಸ. ಈಗ ಹೇಳುವುದು ಮನೆಮನೆಯಲ್ಲೂ ಕ್ಯಾಸೆಟ್ಟು ಸುತ್ತುತ್ತಿದ್ದ, ಸೀಡಿ ಇನ್ನೂ ನಮ್ಮ ಕಡೆ ಮುಖ ಹಾಕಿರದ ಕಾಲದ ಮಾತು. ಎಲ್ಲವೂ ನಡೆದದ್ದೇ. ಹೇಳುವಾಗ ಒಂದಿಷ್ಟು ಒಗ್ಗರಣೆ ಬಿದ್ದಿರಬಹುದು.

“ಒಂದಿಷ್ಟು ಒಗ್ಗರಣಿ ಅಲ್ರಿ, ಒಗ್ಗರಣ್ಯಾಗ ಒಂದಿಷ್ಟು ಪಲ್ಯ ಬಿದ್ದೈತಿ” ಎನ್ನುತ್ತಾಳೆ ನನ್ನ ಹೆಂಡತಿ. ಆಕೆಯ ಮಾತು ನಂಬಬೇಡಿ. ಮದುವೆಯಾದ ದಿನದಿಂದ ಆಕೆ ನನ್ನನ್ನು ನಂಬಿಲ್ಲ.

೧. ಕೀಬೋರ್ಡ್ ಬಂತು

ನಮ್ಮ ಓಣಿಯಲ್ಲಿ ಒಬ್ಬ ಟೈಲರ್ ಇದ್ದ. ನನ್ನ ಚಡ್ಡಿ ದೋಸ್ತ. ಹಗಲೆಲ್ಲ ಪ್ಯಾಂಟು ಅಂಗಿ ಹೊಲಿಯುತ್ತಿದ್ದ, ಲಗ್ನದ ಸೀಜನ್ನು ಬಂತೆಂದರೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದ. ಅವನ ಹೆಂಡತಿ ಅದೇ ಆರ್ಕೆಸ್ಟ್ರಾದ ಗಾಯಕಿ. ಆಕೆ ಬಾಯಿ ತೆಗೆದಳೆಂದರೆ ಉಣ್ಣಲು ಕೂತವರ ತುತ್ತು ಅರ್ಧದಾರಿಯಲ್ಲೇ ನಿಲ್ಲುತ್ತಿತ್ತು. ಅಡಿಗೆಯವರು ಈ ವಿಷಯವಾಗಿ ತಕರಾರು ಮಾಡಿದ್ದೂ ಉಂಟು.

ಆಕೆ ಹಾಡುವುದಕ್ಕೆ ಮನೆಯಲ್ಲಿ ಒಂದೇ ಷರತ್ತು. ಅದನ್ನು ಹಾಕಿದವಳು ಟೈಲರನ ಅವ್ವ. ನಾನು ಆಕೆಗೆ ದೊಡ್ಡವ್ವ ಎನ್ನುತ್ತಿದ್ದೆ. “ಸೊಸಿ ಹಾಡಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಸ್ಟೇಜಿನ ಮ್ಯಾಲೆ ಗಂಡ ಜತಿಗಿರಬೇಕು. ಗಂಡ ಇಲ್ದ ಸ್ಟೇಜು ನಮ್ಮನಿ ಸೊಸಿ ಹತ್ತಂಗಿಲ್ಲ” ಎಂದು ದೊಡ್ಡವ್ವ ಲಗ್ನದ ಮಾತುಕತೆಯ ದಿನವೇ ಹೇಳಿಬಿಟ್ಟಿದ್ದಳು. ಅದರಂತೆ ಎಲ್ಲ ಸುಸೂತ್ರವಾಗಿ ನಡೆದಿತ್ತು, ಆರ್ಕೆಸ್ಟ್ರಾದ ಮಾಲೀಕ ಒಂದು ಕೀಬೋರ್ಡ್ ತರುವ ತನಕ.

ಮಾಲೀಕ ಹರಪನಹಳ್ಳಿಯವನು. ಕೀಬೋರ್ಡಿನ ಮೇಲೆ ಹೊದಿಸಿದ್ದ ಟವೆಲ್ಲು ತೆಗೆದು ಟೈಲರನಿಗೆ ತೋರಿಸಿದನಂತೆ. “ನೋಡಪ, ಇದ್ರಾಗೆ ಕೊಳಲೈತೆ, ಪಿಟೀಲೈತೆ, ಮಳೆ ಸುರಿಯೋ ಸದ್ದೂ ಐತೆ. ನಿನ್ ಗಿಟಾರ್ನಾಗೆ ಏನೈತೆ?”

“ಗಿಟಾರ್ ಐತ್ರಿ” ಎಂದನಂತೆ ಇವನು.

“ಅಷ್ಟೇನಾ? ಗಿಟಾರೂ ಇದ್ರಾಗೇ ಐತೆ! ಸಾಹುಕಾರ್ರ ಮನೆ ಮದುವೆ ಬರ್ತೈತಲ್ಲ, ಅಷ್ಟ್ರೊಳಗೆ ನಿನ್ ಗಿಟಾರಿಂದ ಹೊಸ ನಮೂನಿ ದನಿ ಹೊಂಡಿಸಿದ್ಯೋ ಸೈ. ಇಲ್ಲಾಂದ್ರೆ ವ್ಯಾನಿನಾಗೆ ಒಂದ್ ಸೀಟ್ ಉಳೀತು ಅಂದ್ಕೊಂತೀನಿ.”

ಟೈಲರ್ ನೆಟ್ಟಗೆ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದ. “ನನ್ನ ಸೀಟು ಹೋದ್ರ ಹೋಗ್ಲಿ ಮಾರಾಯಾ. ನಾ ಇಳದ್ರ ಆಕಿನೂ ಇಳೀಬೇಕು. ಆಕಿ ಹಾಡೋದು ನಿಂತ್ರ ನಾ ಮನ್ಯಾಗ ಯಾವ ಮಾರಿ ಇಟಗೊಂಡು ಉಣ್ಲಿ?”

ಇಷ್ಟು ಹೇಳಿ ಜೇಬಿನಿಂದ ಒಂದು ಮಡಿಚಿದ ಚಿತ್ರ ತೆಗೆದ. ಯಾವುದೋ ಪತ್ರಿಕೆಯಿಂದ ಹರಿದದ್ದು. ಒಬ್ಬ ಗಿಟಾರಿನವನ ಕಾಲ ಬುಡದಲ್ಲಿ ಒಂದು ಹಲಗೆ, ಹಲಗೆಯ ತುಂಬ ಸಣ್ಣ ಸಣ್ಣ ಡಬ್ಬಿಗಳು. ಕಾಲಲ್ಲಿ ಒಂದು ಡಬ್ಬಿ ಒತ್ತಿದರೆ ಗಿಟಾರು ಗರ್ಜಿಸುತ್ತದೆ, ಇನ್ನೊಂದು ಒತ್ತಿದರೆ ಗುಹೆಯೊಳಗಿಂದ ಕೂಗಿದ ಹಾಗೆ ಕೇಳುತ್ತದೆ, ಮತ್ತೊಂದನ್ನು ತುಳಿದು ತುಳಿದು ಬಿಟ್ಟರೆ ಅಳುತ್ತದೆ. ಪೇಟೆಯಲ್ಲಿ ಸಿಗುವ ವಸ್ತು, ನಮ್ಮಂಥವರ ಕೈಗೆ ಎಟುಕುವುದಲ್ಲ.

“ನಾ ಮಾಡಿ ಕೊಡ್ತೀನಿ ಬಿಡು” ಎಂದೆ.

“ನಿನಗ ಬರತೈತೇನು?”

“ಬರತೈತಿ” ಎಂದೆ. ಬರುತ್ತಿರಲಿಲ್ಲ. “ನೋಡು, ದನಿ ಕೆಟ್ಟದ್ದನ್ನ ರಿಪೇರಿ ಮಾಡೋದ ನನ್ನ ಕಸಬು. ಈಗ ಚಲೋ ಇದ್ದ ದನಿ ಕೆಡಸಬೇಕು, ಹೌದಲ್ಲೋ? ಅದೇನ್ ಕಷ್ಟ?”

ಅವನ ಮುಖ ಅರಳಿತು. “ಅದು ಖರೆ. ಕೆಡಸೋದ್ರಾಗ ನಿನ್ನಂಥವ್ನು ಇಡೀ ತಾಲ್ಲೂಕಿನಾಗಿಲ್ಲ” ಎಂದು ಸಮಾಧಾನವಾಗಿ ಎದ್ದು ಹೋದ.

೨. ಮಾತಾಡಿದ ಮಣೆ

ಹಲಗೆ ಬೇಕಾಯಿತು. ಟೈಲರ್ ತನ್ನ ಮನೆಯ ತೇಗದ ಮಣೆಯನ್ನೇ ತೋರಿಸಿದ. ಅಗಲವಾದ, ಗಟ್ಟಿಮುಟ್ಟಾದ ಮಣೆ. ದೊಡ್ಡವ್ವ ದಿನಾ ಅದರ ಮೇಲೆ ಕೂತೇ ಉಣ್ಣುವುದು.

“ಅವ್ವಗ ಹೇಳಿಯೇನು?”

“ಹೇಳೀನಿ” ಎಂದ. ಹೇಳಿರಲಿಲ್ಲ. ಸುಳ್ಳು ಹೇಳುವುದನ್ನು ಅವನು ನನ್ನಿಂದಲೇ ಕಲಿತದ್ದು, ಹಾಗಾಗಿ ನನಗೆ ಗುರುತು ಸಿಗಬೇಕಿತ್ತು.

ಮೊದಲ ದಿನ ಮಣೆಯ ನಡುವೆ ಒಂದು ಸ್ವಿಚ್ಚು, ಅದರ ಪಕ್ಕ ಒಂದು ಕೆಂಪು ದೀಪ, ಕೆಳಗೆ ಒಂದಿಷ್ಟು ವಯರು ಕೂಡಿಸಿದೆವು. ಗರ್ಜಿಸುವ ಸದ್ದಿನ ಸರ್ಕಿಟ್ಟು ಅದು. ಪರೀಕ್ಷೆ ಮಾಡಲು ಪ್ಲಗ್ಗು ಇದ್ದದ್ದು ಅಡಿಗೆಮನೆಯ ಬಾಗಿಲ ಹತ್ತಿರ. ಮಣೆಯನ್ನು ಅಲ್ಲೇ ಇಟ್ಟು, ಸ್ಪೀಕರು ಮೂಲೆಗೆ ನಿಲ್ಲಿಸಿ, ಗಿಟಾರನ್ನು ಗೋಡೆಗೆ ಒರಗಿಸಿ, ಅವ್ವನ ಕಣ್ಣಿಗೆ ಬೀಳದಿರಲಿ ಎಂದು ಮಣೆಯ ಮೇಲೊಂದು ಅರಿವೆ ಹೊದಿಸಿ, ನಾವಿಬ್ಬರೂ ಬೆಸುಗೆಯ ಸೀಸ ತರಲು ಅಂಗಡಿಗೆ ಹೋದೆವು.

ಮರಳಿ ಬರುವಷ್ಟರಲ್ಲಿ ದೊಡ್ಡವ್ವನ ಊಟದ ಹೊತ್ತಾಗಿತ್ತು. ನಾವು ಹೊಸ್ತಿಲಲ್ಲಿ ಕಾಲಿಡುವುದಕ್ಕೂ, ಆಕೆ ರೊಟ್ಟಿಯ ತಾಟು ಹಿಡಿದು ಮಣೆಯ ಮೇಲೆ ಕೂಡುವುದಕ್ಕೂ ಸರಿಹೋಯಿತು. ಟಕ್ ಎಂದಿತು. ಮೂಲೆಯ ಸ್ಪೀಕರು ‘ಗ್ಯಾಂವ್’ ಎಂದು ಇಡೀ ಓಣಿಗೆ ಕೇಳುವಂತೆ ಅರಚಿತು.

ದೊಡ್ಡವ್ವ ಕೂತ ಜಾಗದಿಂದ ಹಾರಿ ಒಲೆಯ ಕಟ್ಟೆಯ ಹತ್ತಿರ ನಿಂತಿದ್ದಳು. ತಾಟಿನಿಂದ ಒಂದು ಹನಿ ಬ್ಯಾಳಿಯೂ ಚೆಲ್ಲಿರಲಿಲ್ಲ; ಆ ತಲೆಮಾರಿನ ಕೈ ಹಾಗೆ. ಅರಿವೆ ಎತ್ತಿ ನೋಡಿದಳು. ಕೆಂಪು ದೀಪ ಉರಿಯುತ್ತಿತ್ತು. ನಾನು ಹಿಂದಕ್ಕೆ ಹಿಂದಕ್ಕೆ ಸರಿದು ಅಂಗಳ ಸೇರಿದ್ದೆ.

“ನಿಂದರೋ! ಎಲ್ಲಿ ಹೊಂಟಿ?” ಎಂದಳು. “ಲಗ್ನಾಗಿ ಬಂದಾಗಿಂದ ಇದರ ಮ್ಯಾಲೆ ಕುಂತೀನಿ. ಒಂದಿನಾನೂ ತುಟಿಪಿಟಕ್ ಅಂದಿದ್ದಿಲ್ಲ. ಇವತ್ತ ಇದಕ್ಕ ಏನ್ ಕಲಿಸಿರಿ, ಹಿರೇರಿಗಿ ಎದುರು ಮಾತಾಡಾಕತ್ತೈತಿ?”

ಟೈಲರ್ ತಲೆ ತಗ್ಗಿಸಿ ಎಲ್ಲ ಹೇಳಿದ. ಮಾಲೀಕನ ಮಾತು, ಸೀಟು, ಹೆಂಡತಿಯ ಹಾಡು, ಎಲ್ಲ. ದೊಡ್ಡವ್ವ ನೆಲದ ಮೇಲೆ ಕೂತು ಉಂಡಳು. ಕೈ ತೊಳೆದ ಮೇಲೆ, “ಒಯ್ರಿ ಅದನ್ನ” ಎಂದಳು. “ಎದುರು ಮಾತಾಡೋದು ಮನ್ಯಾಗ ಒಬ್ಬವ ಇದ್ರ ಸಾಕು.”

೩. ಡ್ರೈವರನ ಎಡಗಾಲು

ಮನೆಯ ಲೈಟಿನ ಸ್ವಿಚ್ಚುಗಳು ಟೈಲರನ ಕಾಲಿಗೆ ತಡೆಯಲಿಲ್ಲ. ಎರಡು ಸಲ ತುಳಿದರೆ ಬಾಯಿ ಬಿಡುತ್ತಿದ್ದವು. ಆಗ ನನಗೆ ಹೊಳೆದದ್ದು ಜೀಪಿನ ಡಿಪ್ಪರ್ ಸ್ವಿಚ್ಚು. ಹಳೆಯ ಜೀಪು, ವ್ಯಾನುಗಳಲ್ಲಿ ಎದುರಿಗೆ ಗಾಡಿ ಬಂದಾಗ ದೀಪ ತಗ್ಗಿಸುವ ಸ್ವಿಚ್ಚು ನೆಲದಲ್ಲಿ, ಕ್ಲಚ್ಚಿನ ಪಕ್ಕ ಇರುತ್ತಿತ್ತು. ಡ್ರೈವರು ಎಡಗಾಲಲ್ಲಿ ಟಕ್ಕೆಂದು ಒತ್ತಬೇಕು. ಕಾಲಿನ ಏಟಿಗೆಂದೇ ಹುಟ್ಟಿದ ಸ್ವಿಚ್ಚು!

ಕೂಡ್ಲಿಗಿಯ ಗುಜರಿಯಲ್ಲಿ ಸತ್ತ ಜೀಪುಗಳಿಂದ ಬಿಚ್ಚಿ ತಂದೆವು. ಒಂದು ಕಡಿಮೆ ಬಿತ್ತು. ಅವತ್ತೇ ಹಡಗಲಿಯಲ್ಲಿ ಒಂದು ಪ್ರೋಗ್ರಾಮ್ ಇತ್ತು. ಆರ್ಕೆಸ್ಟ್ರಾದ ವ್ಯಾನು ನನ್ನ ಅಂಗಡಿಯ ಮುಂದೆ ನಿಂತಿತ್ತು. ಡ್ರೈವರು ಚಹಾ ಕುಡಿಯಲು ಹೋಗಿದ್ದ. ಇನ್ನೇನು ಹೇಳಲಿ? ಎರವಲು ಪಡೆದೆ. ದೀಪ ಆರಬಾರದಲ್ಲ ಪಾಪ ಎಂದು ಅಲ್ಲಿದ್ದ ವಯರುಗಳನ್ನು ಗಂಟು ಹಾಕಿಯೂ ಬಂದೆ. ಗಂಟು ಬಿದ್ದದ್ದು ಎತ್ತರದ ಬೆಳಕಿಗೆ ಎಂಬುದು ಕತ್ತಲಾಗತೊಡಗಿದ ಮೇಲೆ ತಿಳಿಯಿತು.

ಹಡಗಲಿ ದಾರಿಯಲ್ಲಿ ಎದುರಿಗೆ ಬಂದ ಒಬ್ಬೊಬ್ಬರೂ ಗಾಡಿ ನಿಲ್ಲಿಸಿ ಹರಸಿದರು. “ಲೇ, ಲೈಟ್ ಇಳಸೋ! ಏನ್ ನಿಮ್ಮಪ್ಪನ ಮನಿ ಸೂರ್ಯ ಹೊತಗೊಂಡು ಹೊಂಟಿಯೇನು?” ಎಂದ ಒಬ್ಬ ಟ್ರ್ಯಾಕ್ಟರಿನವನು. ಡ್ರೈವರು ಎಡಗಾಲಲ್ಲಿ ನೆಲ ತಡಕುತ್ತಲೇ ಇದ್ದ. ಕಾಲು ತೂತಿನೊಳಗೆ ಇಳಿಯುತ್ತಿತ್ತೇ ಹೊರತು ಸ್ವಿಚ್ಚು ಸಿಗುತ್ತಿರಲಿಲ್ಲ. “ಬೆಳಿಗ್ಗಿ ಇತ್ತಲ್ಲೋ ಇಲ್ಲೆ!” ಎಂದ. ಪಕ್ಕದಲ್ಲಿ ಕೂತಿದ್ದ ನಾನು, “ಈಗಿನ ಸಾಮಾನು ಹಂಗ ನೋಡು, ಹೇಳದ ಕೇಳದ ಉದುರಿ ಹೋಗ್ತಾವ” ಎಂದು ಸಮಾಧಾನ ಹೇಳಿದೆ. ಹಿಂದೆ ಟೈಲರ್ ಮಣೆಯನ್ನು ಎದೆಗೆ ಅವಚಿಕೊಂಡು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದ್ದ.

ಪ್ರೋಗ್ರಾಮ್ ಶುರುವಾಯಿತು. ಡ್ರೈವರು ಮುಂದಿನ ಸಾಲಿನಲ್ಲೇ ಕೂತಿದ್ದ. ಎರಡನೆಯ ಹಾಡಿನ ನಡುವೆ ಅವನ ದೃಷ್ಟಿ ಮಣೆಯ ಮೇಲೆ ಬಿತ್ತು. ಎದ್ದ. ಸ್ಟೇಜು ಹತ್ತಿದ. ಟೈಲರನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ನೋಡಿದ. ಮೈಕಿಗೆ ಕೇಳುವಂತೆ, “ಇದು ನಂದಲೇ!” ಎಂದ. ಎದ್ದು ನಿಂತು, ಖಾತ್ರಿ ಮಾಡಿಕೊಳ್ಳಲು ಎಡಗಾಲಲ್ಲಿ ಟಕ್ಕೆಂದು ಒತ್ತಿದ. ಮೆಲ್ಲಗೆ ನುಡಿಯುತ್ತಿದ್ದ ಗಿಟಾರು ಒಮ್ಮೆಲೇ ಗುಡುಗಿತು. ಹಾಡು ಏರುವ ಜಾಗವೂ ಅದೇ ಆಗಿತ್ತು. ಜನ ಸೀಟಿ ಹೊಡೆದರು. ಡ್ರೈವರು ಗಾಬರಿಯಾಗಿ ಮತ್ತೆ ಒತ್ತಿದ, ಮೆತ್ತಗಾಯಿತು. ಮತ್ತೆ ಸೀಟಿ. ಅವನಿಗೂ ರುಚಿ ಹತ್ತಿತು. ಹಾಡು ಮುಗಿಯುವ ತನಕ ಅಲ್ಲೇ ನಿಂತು ಒತ್ತಿದ.

ಬದಿಯಲ್ಲಿ ನಿಂತು ನೋಡುತ್ತಿದ್ದ ಮಾಲೀಕ ನನ್ನ ಕಿವಿಯಲ್ಲಿ ಹೇಳಿದ: “ಐಡಿಯಾ ಚೆನ್ನಾಗೈತೆ ಕಣಪ. ಮುಂದಿನ ಸಲ ಅವನಿಗೊಂದು ಜರಿ ಅಂಗಿ ಹೊಲಿಸ್ರಿ.”

೪. ಹಾಡು ಹೊಲಿದದ್ದು

ಗರ್ಜನೆ, ಗುಹೆ ಎರಡೂ ಆದವು, ಉಳಿದದ್ದು ಅಳುವ ಸದ್ದು. ಅದಕ್ಕೆ ಸ್ವಿಚ್ಚು ಸಾಲದು. ಕಾಲು ಮುಂದೆ ಹಿಂದೆ ಆಡಿದಂತೆ ಒಳಗೊಂದು ತಿರುಪು ತಿರುಗಬೇಕು, ಆಗ ದನಿ ಬಾಯಿ ತೆರೆದು ಮುಚ್ಚಿದ ಹಾಗೆ ಕೇಳುತ್ತದೆ. ಮುಂದೆ ಹಿಂದೆ ಆಡುವ ವಸ್ತು ಟೈಲರನ ಅಂಗಡಿಯಲ್ಲೇ ಇತ್ತಲ್ಲ! ಹಳೆಯ ಹೊಲಿಗೆ ಮಷೀನಿನ ಕಾಲ್ಪಾವಟಿಗೆ ಬಿಚ್ಚಿ, ರೇಡಿಯೊದ ಸೌಂಡು ಹೆಚ್ಚುಕಡಿಮೆ ಮಾಡುವ ತಿರುಪಿಗೆ ದಾರ ಕಟ್ಟಿ ಕೂಡಿಸಿದೆ. ಇದಕ್ಕಿಂತ ಬುದ್ಧಿವಂತಿಕೆಯ ಕೆಲಸ ನಾನು ಜೀವಮಾನದಲ್ಲಿ ಮಾಡಿಲ್ಲ ಎಂದು ಆ ಮಧ್ಯಾಹ್ನ ಅನ್ನಿಸಿತ್ತು.

ಟೈಲರನ ಅಂಗಡಿಯಲ್ಲೇ ಗಂಡ ಹೆಂಡತಿ ತಾಲೀಮಿಗೆ ನಿಂತರು. ನಿಧಾನದ ಹಾಡು, ತವರು ಬಿಟ್ಟು ಹೋಗುವ ಮಗಳದ್ದು. ಸಾಹುಕಾರರ ಮದುವೆಗೆ ಇದೇ ಬೇಕೆಂದು ಮಾಲೀಕ ಹೇಳಿದ್ದ. ಆಕೆ ಮೊದಲ ಸಾಲು ಎತ್ತಿದಳು. ಇವನು ಪಾವಟಿಗೆಯ ಮೇಲೆ ಕಾಲಿಟ್ಟ.

ಇಟ್ಟದ್ದೇ ತಪ್ಪಾಯಿತು. ವರ್ಷಗಟ್ಟಲೆ ಪ್ಯಾಂಟು ಹೊಲಿದ ಕಾಲು ಅದು. ಪಾವಟಿಗೆ ಸೋಕಿದ ಕೂಡಲೇ ಟಕಟಕಟಕ ಎಂದು ತನ್ನ ಪಾಡಿಗೆ ಓಡತೊಡಗಿತು. ಗಿಟಾರು ಅಳುವುದರ ಬದಲು ಸಂತೆಗೆ ಹೊಂಟ ಕುರಿಹಿಂಡಿನ ಹಾಗೆ ಬ್ಯಾ ಬ್ಯಾ ಬ್ಯಾ ಎಂದಿತು. “ನಿಧಾನ, ನಿಧಾನ!” ಎಂದು ನಾನು ಕೂಗಿದೆ. “ನಾ ಏನ್ ಮಾಡ್ಲಿ, ಕಾಲು ಮಾತು ಕೇಳವಲ್ದು!” ಎಂದ. ಕಾಲಿನ ಹಿಂದೆ ಕೈ ಓಡಿತು, ಕೈಯ ಹಿಂದೆ ಹಾಡು ಓಡಿತು. ತವರು ಬಿಟ್ಟು ಹೋಗುವ ಮಗಳು ಬಸ್ಸು ತಪ್ಪುತ್ತದೇನೋ ಎನ್ನುವಂತೆ ಹೊರಟಳು. ಚರಣದ ಕೊನೆ ಬಂತು. ಇವನು ಅಭ್ಯಾಸಬಲದಿಂದ ಕಾಲು ನಿಲ್ಲಿಸಿ, ಬಗ್ಗಿ, ಗಿಟಾರಿನ ತಂತಿಯನ್ನು ಹಲ್ಲಿನಿಂದ ಕಡಿಯಲು ಹೋದ. ಇದು ಮಾತ್ರ ದೇವರಾಣೆ ಖರೆ.

ಅವನ ಹೆಂಡತಿ ನಕ್ಕು ನಕ್ಕು ಬಟ್ಟೆಯ ರಾಶಿಯ ಮೇಲೆ ಕೂತುಬಿಟ್ಟಳು. ಕಣ್ಣೊರೆಸಿಕೊಂಡು ಕೇಳಿದಳು: “ರೀ, ಚರಣ ಹೊಲದ್ರಿ. ಪಲ್ಲವಿಗಿ ಕಾಜಾ ಗುಂಡಿ ಯಾವಾಗ ಹಾಕ್ತೀರಿ?”

ಮಾರನೇ ದಿನವೇ ಕೂಡ್ಲಿಗಿಯ ಗುಜರಿಗೆ ಓಡಿ ಜೀಪಿನ ಎಕ್ಸಿಲೇಟರ್ ತಂದೆ. ಅದರ ಸ್ಪ್ರಿಂಗು ಬಿಗಿ. ತುಳಿದಷ್ಟೇ ಇಳಿಯುತ್ತದೆ, ಬಿಟ್ಟರೆ ಏಳುತ್ತದೆ, ಓಡಿಹೋಗುವುದಿಲ್ಲ. ಅದರಿಂದ ತಿರುಪಿನವರೆಗೆ ಸೈಕಲ್ಲಿನ ಬ್ರೇಕ್ ವಯರು ಎಳೆದೆ, ತಿರುಪು ತಾನೇ ಹಿಂದಕ್ಕೆ ತಿರುಗಲೆಂದು ಅದಕ್ಕೂ ಒಂದು ಸಣ್ಣ ಸ್ಪ್ರಿಂಗು ಕಟ್ಟಿದೆ.

೫. ಕರೆಂಟ್ ಉಳಿತಾಯ

ಅಳುವ ಸರ್ಕಿಟ್ಟಿಗೆ ಗಟ್ಟಿ ಮುಚ್ಚಳದ ಡಬ್ಬಿ ಬೇಕಿತ್ತು. ಟೈಲರನ ಹೆಂಡತಿ ಒಳಗೆ ಹೋಗಿ ತವರಿನಿಂದ ಬಂದ ಸ್ಟೀಲಿನ ಡಬ್ಬಿ ತಂದಳು. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಹೊಳೆಯಿಸಿದ್ದಳು. ಮುಚ್ಚಳ ತೆಗೆದರೆ ಒಳಗೆ ಒಂದು ಬೊಟ್ಟು ಕುಂಕುಮ.

“ಇದೇನ್ ತಂಗಿ, ಮಿಷನ್ನಿಗೂ ಪೂಜಿಯೇನು?” ಎಂದು ರೇಗಿಸಿದೆ.

“ನೀವು ಕೂಡಿಸಿದ್ದಲ್ರಿ ಅಣ್ಣಾರ, ಅದಕ್ಕ ದೇವ್ರದೂ ಒಂದೀಟು ಕೈ ಇರ್ಲಿ ಅಂತ” ಎಂದಳು. ನನ್ನ ಬಾಯಿ ಮುಚ್ಚಿಸುವ ಹೆಂಗಸರೇ ಸಿಗಬೇಕೆಂದು ನನ್ನ ನಸೀಬಿನಲ್ಲಿ ಬರೆದಿದೆ.

ಆ ದಿನಗಳಲ್ಲಿ ನಾನು ಅವರ ಪಡಸಾಲೆಯಲ್ಲೇ ಬೆಸುಗೆ ಹಾಕುತ್ತಾ ಕೂಡುತ್ತಿದ್ದೆ. ಆಕೆ ಒಳಗೆ ಕೆಲಸ ಮಾಡುತ್ತ ಹಾಡುತ್ತಿದ್ದಳು. ಆಕೆ ದನಿ ಎತ್ತಿದ ಕೂಡಲೇ ಅತ್ತ ಮಿಕ್ಸಿಯ ಸದ್ದು ನಿಲ್ಲುತ್ತಿತ್ತು, ಹಾಡು ಮುಗಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ಎರಡು ಮೂರು ದಿನ ಗಮನಿಸಿದೆ. ಮಿಕ್ಸಿ ಕೆಟ್ಟಿರಬೇಕು, ರಿಪೇರಿ ನಮಗೇ ಬಂತು ಎಂದುಕೊಂಡು, ಬೆಸುಗೆ ಕೆಲಸ ನಿಂತಿದ್ದ ಒಂದು ದಿನ ಇಣುಕಿ ನೋಡಿದರೆ, ಸೊಸೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಹಾಡುತ್ತಿದ್ದಾಳೆ, ದೊಡ್ಡವ್ವ ಬಾಗಿಲ ಮರೆಯಲ್ಲಿ ಗೋಡೆಗೆ ತಲೆ ಆನಿಸಿ ನಿಂತಿದ್ದಾಳೆ. ಮಿಕ್ಸಿಯ ಜಾರಿನಲ್ಲಿ ಚಟ್ನಿಯ ಕಾಯಿ ಹಾಗೆಯೇ ಇದೆ.

“ಏನ್ ದೊಡ್ಡವ್ವ, ಚಟ್ನಿ ಬಿಟ್ಟು ಹಾಡು ಕೇಳಾಕತ್ತಿಯೇನು?”

ಆಕೆ ಬೆಚ್ಚಿಬಿದ್ದಳು. “ಯಾರ್ ಕೇಳ್ತಾರೋ ಹಾಡು? ನಾ ಕರೆಂಟ್ ಉಳಸಾಕತ್ತೀನಿ!” ಎಂದು ಗದರಿದಳು.

ಅವತ್ತು ಬೆಳಗಿನಿಂದ ಕರೆಂಟೇ ಇರಲಿಲ್ಲ.

೬. ಶೇಂಗಾ ಧಾರಣಿ

ಸಾಹುಕಾರರ ಮದುವೆಗೆ ಮೊದಲು ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಲಗ್ನ. ಶೇಂಗಾ ದಲಾಲರ ಮನೆಯದು. ಮಧ್ಯಾಹ್ನದ ಪಂಕ್ತಿಗೆ ಸಂಗೀತ. ಹಲಗೆ ಪೂರ್ತಿಯಾಗಿ ಸ್ಟೇಜಿಗೆ ಬಂದದ್ದು ಅವತ್ತೇ. ಡಬ್ಬಿಯಿಂದ ಡಬ್ಬಿಗೆ, ಅಲ್ಲಿಂದ ಮೂಲೆಯ ಆಂಪ್ಲಿಫೈಯರಿಗೆ ಉದ್ದಕ್ಕೆ ವಯರು ಎಳೆದಿದ್ದೆ. ಉದ್ದ ವಯರು ರೇಡಿಯೊದ ಏರಿಯಲ್ ತಂತಿಯ ಕೆಲಸ ಮಾಡುತ್ತದೆ ಎಂಬುದು ರೇಡಿಯೊ ರಿಪೇರಿಯವನಾದ ನನಗೇ ಹೊಳೆಯಲಿಲ್ಲ, ನೋಡಿ.

ಮೊದಲ ಹಾಡಿನಲ್ಲಿ ಟೈಲರ್ ಗರ್ಜನೆಯ ಸ್ವಿಚ್ಚು ಒತ್ತಿದ. ಗಿಟಾರಿನ ಒಳಗಿಂದ ಒಂದು ಗಂಡುದನಿ ಸ್ಪಷ್ಟವಾಗಿ ಹೇಳಿತು: “ಈಗ ಮಾರುಕಟ್ಟೆ ಧಾರಣೆ.”

ಟೈಲರ್ ಹೆದರಿ ಕಾಲೆತ್ತಿ ಮತ್ತೆ ಒತ್ತಿದ. ದನಿ ನಿಂತಿತು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ದಲಾಲರೆಲ್ಲ ತಲೆ ಎತ್ತಿದರು. ಅವನು ಅನುಮಾನದಿಂದ ಇನ್ನೊಮ್ಮೆ ಒತ್ತಿದ. “ಶೇಂಗಾ, ಕ್ವಿಂಟಲಿಗೆ...” ಎಂದಿತು ಗಿಟಾರು. ಇವನು ಗಾಬರಿಯಿಂದ ಮತ್ತೆ ಬಂದ್ ಮಾಡಿದ.

ಪಂಕ್ತಿಗೆ ಪಂಕ್ತಿಯೇ ಎದ್ದು ನಿಂತಿತು. “ಏ, ಒತ್ತೋ ಮಾರಾಯಾ!” “ಯಾಕ ನಿಲ್ಲಸ್ದಿ? ಎಷ್ಟಂದ?” “ಕಾಲಿಡೋ, ಕಾಲಿಡೋ!” ಇವನು ಒತ್ತಿದ. ಅಷ್ಟರಲ್ಲಿ ಶೇಂಗಾ ಮುಗಿದು ಉಳ್ಳಾಗಡ್ಡಿ ನಡೆದಿತ್ತು. ಒಬ್ಬ ಹಿರಿಯ ದಲಾಲರು ಎಂಜಲು ಕೈಯಲ್ಲೇ ಸ್ಟೇಜಿನ ಮುಂದೆ ಬಂದು, “ಒನ್ಸ್ ಮೋರ್! ಶೇಂಗಾದ್ದು ಒನ್ಸ್ ಮೋರ್!” ಎಂದು ಕೂಗಿದರು.

ಆರ್ಕೆಸ್ಟ್ರಾದ ಇತಿಹಾಸದಲ್ಲಿ ಗಿಟಾರಿಗೆ ಒನ್ಸ್ ಮೋರ್ ಬಿದ್ದದ್ದು ಅದೇ ಮೊದಲು. ಮಾಲೀಕ ಮಾತ್ರ ನಗಲಿಲ್ಲ. “ಇದೇ ಕೊನೆ ನೋಡಪ. ಸಾಹುಕಾರ್ರ ಮನೆಯಾಗೆ ಹಿಂಗಾದ್ರೆ, ಅಲ್ಲಿಂದ ನೀನು ಬಸ್ಸಿಗೇ ಊರಿಗೆ ಹೋಗು” ಎಂದ.

೭. ಕೊನೆಯ ಹಾಡು

ಹರಪನಹಳ್ಳಿ. ಸಾಹುಕಾರರ ಮಗಳ ಆರತಕ್ಷತೆ, ಸಂಜೆಯ ಹೊತ್ತು. ಕೀಬೋರ್ಡಿನವನು ಹೊಸ ಅಂಗಿ ಹಾಕಿ ಬಂದಿದ್ದ. ಗಿಟಾರು ಎಲ್ಲಿ ತಪ್ಪಿದರೂ ಅಲ್ಲಿಂದ ನೀನು ಎತ್ತಿಕೋ ಎಂದು ಮಾಲೀಕ ಅವನಿಗೆ ಹೇಳಿಟ್ಟಿದ್ದ.

ದೊಡ್ಡವ್ವನೂ ನಮ್ಮ ಜೊತೆ ಬಂದಿದ್ದಳು. ಹಿಂದೆಂದೂ ಬಂದವಳಲ್ಲ. ವ್ಯಾನು ಹತ್ತುವಾಗ, “ನಾಳಿಗಿ ನಿಲ್ಲೋದ ಇದ್ರ, ಇವತ್ತೊಂದಿನ ನಾನೂ ಕೇಳ್ತೀನಿ” ಎಂದಳು. ಕಲ್ಯಾಣಮಂಟಪದಲ್ಲಿ ಮುಂದೆ ಕೂಡು ಎಂದರೆ, “ಬ್ಯಾಡ, ನನ್ನ ನೋಡಿದ್ರ ಸೊಸಿ ನಾಚಿಗೊಂತಾಳ” ಎಂದು ಸ್ಟೇಜಿನ ಹಿಂದೆ, ಪರದೆಯ ಮರೆಯಲ್ಲಿ ನನ್ನ ಪಕ್ಕ ಕೂತಳು.

ಶೇಂಗಾ ಪ್ರಸಂಗವಾದ ಮೇಲೆ ನಾನು ಅಳುವ ಡಬ್ಬಿಯನ್ನು ಹಲಗೆಯಿಂದ ಬಿಚ್ಚಿ ಆಂಪ್ಲಿಫೈಯರಿನ ಪಕ್ಕವೇ ಇಟ್ಟಿದ್ದೆ, ವಯರು ಮೊಟಕಾಗಲೆಂದು. ಹಾಗಾಗಿ ಟೈಲರನ ಕಾಲ ಕೆಳಗಿನ ಎಕ್ಸಿಲೇಟರಿನಿಂದ ಬ್ರೇಕ್ ವಯರು ಪರದೆಯ ಕೆಳಗೆ ನುಸುಳಿ ನಾವು ಕೂತಲ್ಲಿಗೆ ಬರುತ್ತಿತ್ತು. ಮೊದಲ ಹಾಡುಗಳೆಲ್ಲ ಚೆನ್ನಾಗಿ ಹೋದವು. ಗರ್ಜನೆ ಗರ್ಜನೆಯ ಜಾಗದಲ್ಲಿ, ಗುಹೆ ಗುಹೆಯ ಜಾಗದಲ್ಲಿ. ಮಾಲೀಕ ಒಮ್ಮೆ ತಲೆಯನ್ನೂ ಆಡಿಸಿದ.

ತವರು ಬಿಡುವ ಹಾಡಿನ ಸರದಿ ಬಂತು. ಆಂಪ್ಲಿಫೈಯರಿನ ಹಿಂದೆ ಒಂದು ಬೆಸುಗೆ ಬಿಟ್ಟುಕೊಂಡಿತು. ಎರಡೂ ವಯರುಗಳನ್ನು ಎರಡು ಕೈಯಲ್ಲಿ ಒತ್ತಿ ಹಿಡಿದೆ. ಬಿಟ್ಟರೆ ದನಿ ಹೋಗುತ್ತದೆ. ಅದೇ ಹೊತ್ತಿಗೆ ಆಚೆ ಟೈಲರ್ ಎಕ್ಸಿಲೇಟರನ್ನು ಜೋರಾಗಿ ತುಳಿದ. ಪಟ್ ಎಂದಿತು. ಬ್ರೇಕ್ ವಯರು ಪೆಡಲಿನ ಬುಡದಲ್ಲೇ ಹರಿದು ನಮ್ಮ ಕಡೆ ಸಡಿಲವಾಗಿ ಬಿತ್ತು. ಅವನಿಗೆ ಅದು ಗೊತ್ತಾಗಲಿಲ್ಲ.

“ದೊಡ್ಡವ್ವ! ಆ ವಯರ್ ಹಿಡಿ, ಲಗೂನ!”

“ಶಾಕ್ ಹೊಡೀತೈತೇನೋ?”

“ಸೈಕಲ್ ಬ್ರೇಕಿಂದು ಅದು, ಏನೂ ಆಗಂಗಿಲ್ಲ. ಜಗ್ಗಿ ಬಿಡು, ಜಗ್ಗಿ ಬಿಡು.”

“ಎಷ್ಟ್ ಜೋರು?”

ನನಗೆ ಬೇರೇನೂ ಹೊಳೆಯಲಿಲ್ಲ. “ಕೂಸು ಎಚ್ಚರ ಆಗಬಾರದು, ಅಷ್ಟು” ಎಂದೆ.

ಮುಂದೆ ಒಂದು ಮಾತೂ ಹೇಳಬೇಕಾಗಲಿಲ್ಲ. ದೊಡ್ಡವ್ವ ವಯರನ್ನು ಬೆರಳಿಗೆ ಸುತ್ತಿಕೊಂಡಳು, ಒಂದು ಮೊಣಕಾಲು ಮಡಿಚಿ ಗೋಡೆಗೆ ಬೆನ್ನು ಕೊಟ್ಟಳು, ತೊಟ್ಟಿಲ ಹಗ್ಗ ಜಗ್ಗಿದ ಹಾಗೆ ಜಗ್ಗತೊಡಗಿದಳು. ಪರದೆಯ ಆಚೆ ಸೊಸೆ ಹಾಡು ಎತ್ತಿದಳು. ಗಿಟಾರು ಆಕೆಯ ಹಿಂದೆಯೇ ಬಿಕ್ಕಿತು. ಆಕೆ ಉಸಿರು ತೆಗೆದುಕೊಂಡಲ್ಲಿ ಇದೂ ನಿಂತಿತು, ಆಕೆ ದನಿ ಇಳಿಸಿದಲ್ಲಿ ಇದೂ ಇಳಿಯಿತು. ಕದ್ದು ಕೇಳಿ ಕೇಳಿ ಆ ಹಾಡಿನ ತಿರುವುಗಳೆಲ್ಲ ದೊಡ್ಡವ್ವನಿಗೆ ಬಾಯಿಪಾಠವಾಗಿದ್ದವು. ಪರದೆಯ ಸಂದಿಯಿಂದ ನೋಡಿದೆ. ಹೆಣ್ಣುಮಕ್ಕಳ ಕಡೆ ಸೆರಗುಗಳು ಕಣ್ಣಿಗೆ ಹೋಗುತ್ತಿದ್ದವು. ಮದುಮಗಳ ತಾಯಿಯಂತೂ ಕಂಬ ಹಿಡಿದು ನಿಂತಿದ್ದಳು. ಕೀಬೋರ್ಡಿನವನು ಕೈಯೆರಡನ್ನೂ ಕೆಳಗಿಳಿಸಿದ್ದ.

ಚರಣ ಮುಗಿದಾಗ ಟೈಲರ್ ಪೆಡಲಿನಿಂದ ಕಾಲು ತೆಗೆದ. ಗಿಟಾರಿನ ದನಿ ಇನ್ನೂ ತೂಗುತ್ತಲೇ ಇತ್ತು. ಅವನು ಕಾಲು ನೋಡಿಕೊಂಡ. ಗಿಟಾರು ನೋಡಿಕೊಂಡ. ಪರೀಕ್ಷೆಗೆಂದು ಕಾಲನ್ನು ಪೂರ್ತಿ ಮೇಲೆತ್ತಿ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತ. ಆದರೂ ತೂಗುತ್ತಿತ್ತು. ಆ ಭಯದಲ್ಲೂ ಕೈ ಮಾತ್ರ ನಿಲ್ಲಿಸಲಿಲ್ಲ ಪುಣ್ಯಾತ್ಮ.

ಮಾಲೀಕನ ಕಣ್ಣಿಗೆ ಅದು ಬಿತ್ತು. ಕಾಲು ಗಾಳಿಯಲ್ಲಿದೆ, ದನಿ ತೂಗುತ್ತಿದೆ! ಬಿರಬಿರನೆ ಪರದೆ ಸರಿಸಿ ಹಿಂದಕ್ಕೆ ಬಂದ. ನಾನು ಎರಡೂ ಕೈಯಲ್ಲಿ ವಯರು ಹಿಡಿದು, ಕಳ್ಳ ಸಿಕ್ಕಿಬಿದ್ದ ಹಾಗೆ ಕೂತಿದ್ದೇನೆ. ದೊಡ್ಡವ್ವ ಕಣ್ಣು ಮುಚ್ಚಿ ಜಗ್ಗುತ್ತಿದ್ದಾಳೆ, ತುಟಿ ಮೆಲ್ಲಗೆ ಜೋ ಜೋ ಎನ್ನುತ್ತಿದೆ. ಮಾಲೀಕ ಬಾಯಿ ತೆರೆದ. ಆಕೆ ಕಣ್ಣು ಬಿಡದೆಯೇ ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟಳು. “ಶ್! ಸೊಸಿ ಹಾಡಾಕತ್ಯಾಳ.”

ಮಾಲೀಕ ಬಾಯಿ ಮುಚ್ಚಿ ನೆಲದ ಮೇಲೆಯೇ ಕೂತ. ಹಾಡು ಮುಗಿಯುವ ತನಕ ಏಳಲಿಲ್ಲ.

ಚಪ್ಪಾಳೆ ನಿಂತ ಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಅಮ್ಮಾ, ಇನ್ಮೇಲೆ ಎಲ್ಲಾ ಪ್ರೋಗ್ರಾಮಿಗೂ ನೀವು ಬರ್ಬೇಕು ನೋಡ್ರಿ” ಎಂದ.

ದೊಡ್ಡವ್ವ ಮೊದಲು ನಾಚಿದಳು. ಆಮೇಲೆ ಕೇಳಿದಳು: “ಕಿಡಕಿ ಕಡಿ ಸೀಟು ಸಿಗತೈತೇನ್ರಿ?”

“ಡ್ರೈವರ್ನ ಇಳಿಸಿ ಬೇಕಾದ್ರೂ ಕೊಡಿಸ್ತೀನಿ.”

ಅಷ್ಟರಲ್ಲಿ ಟೈಲರ್ ಗಿಟಾರು ಕೊರಳಲ್ಲಿ ಹಾಕಿಕೊಂಡೇ ಓಡಿಬಂದ, ಹಿಂದೆ ಅವನ ಹೆಂಡತಿ. “ಅವ್ವಾ, ಗೆದ್ದೆ! ನನ್ನ ಸೀಟು ಉಳೀತು!”

ದೊಡ್ಡವ್ವ ಬೆರಳಿನ ವಯರು ಬಿಚ್ಚದೆಯೇ ಅವನನ್ನು ನೋಡಿದಳು. “ನಿಂದ್ಯಾಕೋ? ಸೊಸಿ ಜತಿಗಿ ಗಂಡ ಇರಬೇಕು ಅಂದಿದ್ದು ಮನ್ಯಾರು ಒಬ್ರು ಇರ್ಲಿ ಅಂತ. ಈಗ ನಾ ಅದೀನಲ್ಲ. ನೀ ಅಂಗಡ್ಯಾಗ ಕುಂತು ಹೊಲಿ.”

ಟೈಲರನ ಮುಖ ನೋಡಬೇಕಿತ್ತು. ಇಷ್ಟು ದಿನ ಬೆಸುಗೆ ಹಾಕಿ ಕೈ ಸುಟ್ಟುಕೊಂಡದ್ದು ಅವ್ವನಿಗೆ ಸೀಟು ಕೊಡಿಸಲಿಕ್ಕೆ ಎಂಬುದು ಅವನಿಗೆ ಆಗಷ್ಟೇ ತಿಳಿದಂತಿತ್ತು. ಹೆಂಡತಿ ಸೆರಗಿನಲ್ಲಿ ನಗು ಅಡಗಿಸಿಕೊಂಡು ಅವನ ಪರ ವಕಾಲತ್ತು ಮಾಡಿದಳು: “ಅತ್ತಿ, ಅವರೂ ಬರ್ಲಿ ಬಿಡ್ರಿ. ಗಿಟಾರ್ ಬಾರಸಾಕ ಯಾರಾರ ಬೇಕಲ್ರಿ.”

ದೊಡ್ಡವ್ವ ಸೊಸೆಯ ಕೆನ್ನೆ ಸವರಿ, ದೃಷ್ಟಿ ಆಗದಿರಲೆಂದು ನೆಟಿಗೆ ತೆಗೆದಳು. ಆಮೇಲೆ ಮಗನನ್ನು ತಲೆಯಿಂದ ಕಾಲಿನವರೆಗೆ ಅಳೆದು ನೋಡಿ, ಕಡೆಗೂ ಒಪ್ಪಿದಳು.

“ಆಗ್ಲೆವ್ವ, ನೀ ಅಂತಿ ಅಂತ ಬರ್ಲಿ. ಆದ್ರ ಕಾಲು ಅಲುಗಾಡಸದ ಸುಮ್ನ ನಿಂದ್ರು ಅಂತ ಹೇಳು ಅವಗ. ನನಗ ತಾಳ ತಪ್ಪತೈತಿ.”